ಫ್ರಿಜ್ ಕೇಕಿಗೆ ಅಳತಿ ಬ್ಯಾಡೇನ್ರಿ?

ಸಂಪಾದಕರಿಗೆ ನಮಸ್ಕಾರ್ರಿ,

ನಿಮ್ಮ ಭಾನುವಾರದ ಪುರವಣಿಯೊಳಗ ಓವನ್ ಇಲ್ಲದ ಮನಿಯವರಿಗೂ ಚಾಕೊಲೇಟ್ ಕೇಕ್ ಅಂತ ಒಂದು ರೆಸಿಪಿ ಹಾಕಿದ್ರಿ. ಫೋಟೋ ಅರ್ಧ ಪೇಜು, ರೆಸಿಪಿ ಐದ ಸಾಲು. ಒಂದು ಕಪ್ ಚಾಕೊಲೇಟ್ ಕರಗಸ್ರಿ, ಸ್ವಲ್ಪ ಬೆಣ್ಣಿ ಹಾಕ್ರಿ, ಬೇಕಾದಷ್ಟು ಬಿಸ್ಕೀಟ್ ಮುರದು ಹಾಕಿ ಕಲಸ್ರಿ, ಫ್ರಿಜ್ಜಿನಾಗ ಇಡ್ರಿ, ಗಟ್ಟಿ ಆದ ಮ್ಯಾಲೆ ಕಟ್ ಮಾಡಿ ತಿನ್ರಿ, ಮುಗೀತು. ಇದನ್ನ ಓದಿ ನಮ್ಮ ಓಣಿಯಾಗ ಮೂರ್ನಾಕು ಮನ್ಯಾಗ ಮಾಡ್ಯಾರ, ಒಬ್ಬರದು ಚಾಕು ಇಳೀಲಾರದಷ್ಟು ಬಿರುಸಾತು, ಒಬ್ಬರದು ಎರಡು ದಿನ ಫ್ರಿಜ್ಜಿನಾಗ ಕುಂತ್ರೂ ಗಟ್ಟಿ ಆಗಲಿಲ್ಲ, ಇನ್ನೊಬ್ಬರದಂತೂ ಹೊರಗ ತಗದು ಮೊಬೈಲ್ ಹುಡುಕಿ ಫೋಟೋ ತಗಿಯೂದ್ರಾಗ ತಟ್ಟಿ ತುಂಬ ಹರದು ಹೋತು. ಪಾಪ ಎಲ್ಲಾರೂ ತಮ್ಮ ಕೈನ ಸರಿ ಇಲ್ಲ ಅನ್ಕೊಂಡು ಸುಮ್ಮನಾಗ್ಯಾರ. ಕೈ ಸರಿನ ಐತ್ರಿ, ಬರದದ್ದು ಸರಿ ಇಲ್ಲ, ಅದಕ್ಕ ಈ ಪತ್ರ.

ಬೇಯಿಸೂ ಕೇಕಿನ್ಯಾಗ ಮೈದಾ ಇರ್ತೈತಿ, ತತ್ತಿ ಇಲ್ಲಾ ಮೊಸರು ಇರ್ತೈತಿ, ಬೇಕಿಂಗ್ ಪೌಡರ್ ಇರ್ತೈತಿ, ಬಿಸಿ ಬಿದ್ದ ಮ್ಯಾಲೆ ಎಲ್ಲಾ ಕೂಡಿ ಹಿಡಕೊಂಡು ಹೆಂಗೋ ಒಂದು ರೂಪಕ್ಕ ಬರ್ತಾವ, ಬೆಣ್ಣಿ ಒಂದು ಚಮಚಿ ಹೆಚ್ಚುಕಮ್ಮಿ ಆದ್ರೂ ನಡೀತೈತಿ. ಫ್ರಿಜ್ ಕೇಕಿನ್ಯಾಗ ಬೇಯೂದು ಏನೂ ಇಲ್ಲ, ಕರಗಿದ್ದು ಮತ್ತ ಗಟ್ಟಿ ಆಗೂದು ಅಷ್ಟ, ಹಿಂಗಾಗಿ ಬಿಸ್ಕೀಟು ಗೋಡಂಬಿ ಎಲ್ಲಾನೂ ಹಿಡದು ಕೂಡ್ರಸೂದು ಚಾಕೊಲೇಟಿನಾಗ ಇರೂ ಕೋಕೋ ಬಟರ್, ಅಂದ್ರ ಕೋಕೋ ಬೀಜದ ಜಿಡ್ಡು. ನಮ್ಮ ಕರದಂಟಿನ್ಯಾಗ ಬೆಲ್ಲದ ಪಾಕ ಮಾಡೂ ಕೆಲಸ ಇಲ್ಲೆ ಕೋಕೋ ಬಟರ್ ಮಾಡ್ತೈತಿ ಅಂತ ತಿಳ್ಕೋರಿ, ಪಾಕ ಬಂದೈತೋ ಇಲ್ಲೋ ನೋಡದನ ಗೋಕಾಕದವ್ರು ಕರದಂಟು ಕಟ್ಟತಾರೇನು? ಹಂಗಿದ್ದ ಮ್ಯಾಲೆ ಯಾವ ಚಾಕೊಲೇಟು, ಎಷ್ಟು ಗ್ರಾಂ ಅಂತ ಬರೀಲಿಲ್ಲ ಅಂದ್ರ ರೆಸಿಪಿ ಬರದಂಗ ಆಗಲಿಲ್ಲ, ಫೋಟೋಕ್ಕ ಒಂದು ಹೆಸರು ಕೊಟ್ಟಂಗ ಆತು.

ಚಾಕೊಲೇಟ್ ಅಂತ ನೀವು ಬರದ್ರಿ, ನಾವು ಅಂಗಡಿಗೆ ಹೋದ್ವಿ. ದುರ್ಗದ ಬೈಲ್ ಕಡೆ ಆಗ್ಲಿ ಧಾರವಾಡದ ಸುಭಾಸ ರೋಡಿನ್ಯಾಗ ಆಗ್ಲಿ ಬೇಕರಿ ಸಾಮಾನು ಮಾರವ್ರ ಹತ್ರ ಹೋಗಿ ಕೇಕಿಗೆ ಚಾಕೊಲೇಟ್ ಕೊಡ್ರಿ ಅಂದ್ರ ಅವರು ಕಣ್ಣು ಮುಚ್ಚಿ ಕೊಡೂದು ಕಾಂಪೌಂಡ್ ಸ್ಲ್ಯಾಬು. ಅದರಾಗ ಕೋಕೋ ಪೌಡರ್ ಇರ್ತೈತಿ, ಸಕ್ಕರಿ ಇರ್ತೈತಿ, ಆದ್ರ ಕೋಕೋ ಬಟರ್ ಬದಲಿಗೆ ಗಟ್ಟಿ ಮಾಡಿದ ವೆಜಿಟೇಬಲ್ ಫ್ಯಾಟ್ ಇರ್ತೈತಿ. ನೋಡಾಕ ಎರಡೂ ಒಂದ, ಬಣ್ಣ ಒಂದ, ರೇಟಿನ್ಯಾಗ ಮಾತ್ರ ಭಾಳ ಫರಕ್. ಪಾಕೀಟಿನ ಹಿಂದ ಸಣ್ಣಕ್ಷರದಾಗ ಇಂಗ್ರೀಡಿಯಂಟ್ಸ್ ಬರದಿರ್ತಾರಲ್ಲ, ಅದನ್ನ ಜಾಸ್ತಿ ಇರೂದು ಮೊದಲು, ಕಮ್ಮಿ ಇರೂದು ಕಡೀಕ ಅನ್ನೂ ಲೆಕ್ಕದಾಗ ಬರೀಬೇಕು ಅಂತ ರೂಲ್ಸ್ ಐತಿ, ಅಲ್ಲೆ ಕೋಕೋ ಬಟರ್, ಕೋಕೋ ಸಾಲಿಡ್ಸ್ ಅಂತ ಇದ್ರ ಅದು ಚಾಕೊಲೇಟು, ಸಕ್ಕರಿ ಆದ ಕೂಡಲೆ ಹೈಡ್ರೋಜನೇಟೆಡ್ ವೆಜಿಟೇಬಲ್ ಫ್ಯಾಟ್ ಅಂತ ಬಂದ್ರ ಅದು ಕಾಂಪೌಂಡು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ ಚಾಕೊಲೇಟ್ ಅಂತ ಹೆಸರು ಹಾಕಿ ಮಾರೂ ಮಾಲಿನ್ಯಾಗ ಕೋಕೋ ಬಟರ್ ಬಿಟ್ಟು ಬ್ಯಾರೆ ಫ್ಯಾಟು ನೂರಕ್ಕ 5ಕ್ಕಿಂತ ಜಾಸ್ತಿ ಇರಂಗಿಲ್ಲ, ಅದಕ್ಕ ಕಾಂಪೌಂಡಿನ ಪಾಕೀಟಿನ ಮ್ಯಾಲೆ ಕಾಂಪೌಂಡ್ ಅಂತನ ಇರ್ತೈತಿ, ನಾವು ಓದಂಗಿಲ್ಲ ಅಷ್ಟ.

ಈಗ ಹುಬ್ಬಳ್ಳಿ ಬ್ಯಾಸಗಿ ವಿಚಾರ ಮಾಡ್ರಿ. ಕೋಕೋ ಬಟರ್ 34 ಡಿಗ್ರಿ ಹತ್ತಿರ ಕರಗ್ತೈತಿ, ನಮ್ಮ ಬಾಯಿ ಬಿಸಿ 37, ಅದಕ್ಕ ಚಲೋ ಚಾಕೊಲೇಟ್ ನಾಲಿಗಿ ಮ್ಯಾಲೆ ಇಟ್ರ ಅಗಿಯೂದ ಬ್ಯಾಡ, ತಾನ ಇಳೀತೈತಿ. ಆದ್ರ ಏಪ್ರಿಲ್ ಮೇದಾಗ ನಮ್ಮ ಊರಾಗ ಬಿಸಲು 37-38 ಮುಟ್ಟೂದು ಹೊಸದೇನಲ್ಲ, ಅಂದ್ರ ಬಾಯಾಗ ಕರಗೂದು ಟೇಬಲ್ ಮ್ಯಾಲೆನ ಕರಗ್ತೈತಿ. ಇನ್ನೂ ಒಂದು ಐತಿ, ಇದನ್ನ ಯಾರೂ ಬರಿಯಂಗಿಲ್ಲ. ಕೋಕೋ ಬಟರ್ ಗಟ್ಟಿ ಆಗಬೇಕಾದ್ರ ಅದರ ಹರಳು ಒಂದ ನಮೂನಿ ಕಟ್ಟಂಗಿಲ್ಲ, ಆರು ನಮೂನಿ ಕಟ್ತೈತಿ ಅಂತ ಚಾಕೊಲೇಟ್ ಓದಿದವ್ರು ಹೇಳ್ತಾರ. ಫ್ಯಾಕ್ಟರಿಯಾಗ ಹದಾ ನೋಡಿ ಬಿಸಿ ಮಾಡಿ ತಣ್ಣಗ ಮಾಡಿ ಮತ್ತ ಸ್ವಲ್ಪ ಬಿಸಿ ಮಾಡಿ ಗಟ್ಟಿಮುಟ್ಟ ಹರಳು ಕಟ್ಟಸ್ತಾರ, ಅದಕ್ಕ ಟೆಂಪರಿಂಗ್ ಅಂತಾರ, ಬಾರು ಮುರದ್ರ ಟಪ್ ಅಂತ ಸಪ್ಪಳ ಬರೂದು ಅದಕ್ಕ. ನಾವು ಮನ್ಯಾಗ ಅದನ್ನ ಕರಗಿಸಿ ಸೀದಾ ಫ್ರಿಜ್ಜಿಗೆ ತುರಕಿದ್ವಿ ಅಂದ್ರ ಆ ಹರಳೆಲ್ಲಾ ಹೋಗಿ ಮೆತ್ತನ್ನೂ ಹರಳು ಕಟ್ತಾವ, ಅವು 34ರ ತನಕ ಕಾಯಂಗಿಲ್ಲ, ಅದಕ್ಕಿಂತ ಭಾಳ ಮೊದಲ ಸೋತು ಬಿಡ್ತಾವ. ಅದರ ಮ್ಯಾಲೆ ನಾವು ಬೆಣ್ಣಿ ಹಾಕಿರ್ತೀವಿ, ಕ್ರೀಮ್ ಹಾಕಿರ್ತೀವಿ. ಹಿಂಗಾಗಿ ತಟ್ಟಿಯಾಗ ಹರದದ್ದು ಮಾಡಿದವರ ತಪ್ಪಲ್ಲ. ತಿನ್ನೂ ಹೊತ್ತಿಗೆ ಮಾತ್ರ ಹೊರಗ ತಗೀರಿ, ಕಟ್ ಮಾಡಿ ಉಳದದ್ದು ವಾಪಸ್ ಒಳಗ ಇಡ್ರಿ ಅಂತ ಒಂದು ಸಾಲು ನೀವು ಬರದಿದ್ರ ಸಾಕಿತ್ತು.

ಕಾಂಪೌಂಡ್ ಕೆಟ್ಟದ್ದು ಅಂತ ನಾನೇನು ಹೇಳಾಕತ್ತಿಲ್ಲ. ಅದಕ್ಕ ಟೆಂಪರಿಂಗ್ ಬ್ಯಾಡ, ಹೆಂಗ ಕರಗಿಸಿದ್ರೂ ಗಟ್ಟಿ ಆಗ್ತೈತಿ, ಬಿಸಲಿಗೆ ಸ್ವಲ್ಪ ತಡೀತೈತಿ, ಹುಡುಗರ ಬರ್ತ್‌ಡೇಕ್ಕ ಹಾಲ್ ಬುಕ್ ಮಾಡಿ ಐವತ್ತು ಮಂದಿಗೆ ಹಂಚೂದಿದ್ರ ನಾನೂ ಅದನ್ನ ತಗೋರಿ ಅಂತೀನಿ. ಆದ್ರ ಬಾಯಾಗ ಒಂದು ಮೇಣದಂಥಾ ಪದರ ಕುಂತು ಬಿಡ್ತೈತಿ, ಚಾ ಕುಡದ್ರೂ ಹೋಗಂಗಿಲ್ಲ. ಮನ್ಯಾಗ ನಾಕ ಮಂದಿಗೆ ಅಂತ ಮಾಡೂದಿದ್ರ ಅಸಲಿ ಡಾರ್ಕ್ ಚಾಕೊಲೇಟ್ ತಗೋರಿ, ನೂರಕ್ಕ 50-55 ಕೋಕೋ ಇರೂದು ಸಾಕು, 70ರದ್ದು ತಂದ್ರ ನಮ್ಮ ಮಂದಿ ಕಹಿ ಅಂತ ಮುಟ್ಟಂಗಿಲ್ಲ. ರೇಟ್ ಏರೈತಿ ಖರೆ, 2024ರಾಗ ಘಾನಾ, ಐವರಿ ಕೋಸ್ಟ್ ಕಡೆ ಬೆಳಿ ಕೆಟ್ಟು ಜಗತ್ತಿನ ಪ್ಯಾಟ್ಯಾಗ ಕೋಕೋ ಟನ್ನಿಗೆ 10,000 ಡಾಲರ್ ದಾಟಿತ್ತು, ಅದರ ಬಿಸಿ ನಮ್ಮ ಕಿರಾಣಿ ಅಂಗಡಿ ತನಕ ಬಂತು. ಆದ್ರ ಕೋಕೋ ಅಂದ್ರ ಬರೇ ಪರದೇಶದ್ದಲ್ರಿ, ನಮ್ಮ ದಕ್ಷಿಣ ಕನ್ನಡದಾಗ ಅಡಿಕಿ ತೋಟದ ನಡುವ ಬೆಳೀತಾರ, 1973ರಾಗ ಮಂಗಳೂರಾಗ ಚಾಲೂ ಆದ ಕ್ಯಾಂಪ್ಕೋ ಅನ್ನೂ ರೈತರ ಸಹಕಾರಿ ಸಂಘ 1986ರಾಗ ಪುತ್ತೂರಿನ್ಯಾಗ ಚಾಕೊಲೇಟ್ ಫ್ಯಾಕ್ಟರಿನ ಹಾಕಿತು. ಚಾಕೊಲೇಟ್ ಅಂದ ಕೂಡಲೆ ಸ್ವಿಟ್ಜರ್ಲೆಂಡಿನ ಗುಡ್ಡದ ಫೋಟೋ ಹಾಕೂ ಬದಲಿ ಒಮ್ಮೆರೆ ಪುತ್ತೂರಿಗೆ ನಿಮ್ಮ ವರದಿಗಾರರನ್ನ ಕಳಸ್ರಿ, ಹೊಟ್ಟಿ ತುಂಬ ಓದಾಕ ಸಿಗ್ತೈತಿ.

ಇನ್ನ ಕಪ್ಪು. ಯಾವ ಕಪ್ಪು ಅಂತ ಕೇಳ್ತೀನಿ. ನಮ್ಮನ್ಯಾಗ ಚಾ ಕಪ್ಪು ಬ್ಯಾರೆ, ನೆಗೆಣ್ಣಿ ಮನ್ಯಾಗಿನ ಕಪ್ಪು ಬ್ಯಾರೆ, ಇಂಗ್ಲಿಷ್ ಪುಸ್ತಕದಾಗಿನ ಕಪ್ಪು 240 ಮಿಲಿ. ಬಿಸ್ಕೀಟು ದಪ್ಪಗ ಮುರದ್ರ ಕಪ್ಪಿಗೆ ಒಂದು ತೂಕ, ಪುಡಿ ಮಾಡಿ ತುಂಬಿದ್ರ ಅದಕ್ಕಿಂತ ಭಾಳ ಜಾಸ್ತಿ ತೂಕ, ಚಾಕೊಲೇಟಿಗೂ ಹಂಗ. ಉಪ್ಪಿಟ್ಟಿಗೆ ಅಂದಾಜ ಸಾಕು, ನೀರು ಕಮ್ಮಿ ಆದ್ರ ಮತ್ತ ಹಾಕಬಹುದು, ಇದಕ್ಕ ಹಂಗ ನಡಿಯಂಗಿಲ್ಲ. ಈಗೀಗ ಸಣ್ಣ ತಕ್ಕಡಿ, ಅಡಿಗಿ ಮನಿ ವೇಯಿಂಗ್ ಸ್ಕೇಲ್, ಎಲ್ಲಾ ಕಡೆ ಸಿಗ್ತಾವ, ಅದು ಇಲ್ಲದವ್ರಿಗೂ ತೊಂದ್ರಿ ಇಲ್ಲ ಯಾಕಂದ್ರ ಚಾಕೊಲೇಟು, ಬೆಣ್ಣಿ, ಬಿಸ್ಕೀಟು ಮೂರರ ಪಾಕೀಟಿನ ಮ್ಯಾಲೂ ತೂಕ ಹೊಡದಿರ್ತೈತಿ. ಗ್ರಾಂ ಬರದ್ರ ಪೇಪರಿನ್ಯಾಗ ಜಾಗ ಏನು ಹೆಚ್ಚಿಗಿ ಹತ್ತಂಗಿಲ್ಲ.

ನಾನು ಮಾಡೂ ಅಳತಿ ಹೇಳ್ತೀನಿ. ಡಾರ್ಕ್ ಚಾಕೊಲೇಟ್ 300 ಗ್ರಾಂ, ಉಪ್ಪಿಲ್ಲದ ಬೆಣ್ಣಿ 100 ಗ್ರಾಂ, ಟೆಟ್ರಾ ಪಾಕೀಟಿನ ಫ್ರೆಶ್ ಕ್ರೀಮ್ 100 ಮಿಲಿ, ಜೇನುತುಪ್ಪ ಎರಡು ಚಮಚಿ, ಮಾರಿ ಬಿಸ್ಕೀಟ್ 200 ಗ್ರಾಂ, ಗೋಡಂಬಿ ಇಲ್ಲಾ ಅಕ್ರೋಟು 80 ಗ್ರಾಂ, ಕೈಗೆ ಬಂದಷ್ಟು ಒಣದ್ರಾಕ್ಷಿ, ಒಂದು ಚಿಟಿಕಿ ಉಪ್ಪು, ಅರ್ಧ ಸಣ್ಣ ಚಮಚಿ ಇನ್‌ಸ್ಟಂಟ್ ಕಾಫಿ ಪುಡಿ. ಕಾಫಿ ವಾಸನಿ ಬರಂಗಿಲ್ಲ, ಚಾಕೊಲೇಟಿನ ರುಚಿ ಗಟ್ಟಿ ಆಗ್ತೈತಿ ಅಷ್ಟ. ಪೇಪರಿನ್ಯಾಗ ಬರೇ ಬೆಣ್ಣಿ ಅಂತ ಬರದ್ರಿ, ನಮ್ಮ ಕಡೆ ಬೆಣ್ಣಿ ಅಂದ್ರ ಕಡದು ತಗದ ಮನಿ ಬೆಣ್ಣಿ ತಲಿಗೆ ಬರ್ತೈತಿ, ರೊಟ್ಟಿ ಮ್ಯಾಲೆ ಹಾಕ್ಕೊಂಡು ತಿನ್ನಾಕ ಅದರಂಥಾದ್ದು ಇನ್ನೊಂದಿಲ್ಲ, ಆದ್ರ ಅದರಾಗ ಮಜ್ಜಿಗಿ ನೀರು ಜಾಸ್ತಿ, ಹುಳಿ ಬ್ಯಾರೆ. ಇದಕ್ಕ ಅಂಗಡಿ ಬೆಣ್ಣಿನ ಬೇಕು, ಉಪ್ಪಿನ ಹಳದಿ ಬೆಣ್ಣಿನ ಸಿಕ್ಕಿದ್ರ ಆ ಚಿಟಿಕಿ ಉಪ್ಪು ಬಿಡ್ರಿ. ತುಪ್ಪ ಹಾಕಬಹುದಾ ಅಂತ ಕೆಲವ್ರು ಕೇಳ್ತಾರ, ತುಪ್ಪ ತಣ್ಣಗಾದ್ರ ರವಾ ರವಾ ಆಗ್ತೈತಿ, ವಾಸನಿ ಚಾಕೊಲೇಟನ್ನ ನುಂಗ್ತೈತಿ, ಬ್ಯಾಡ. ಕ್ರೀಮ್ ಬದಲಿ ಹಾಲು ಸುರುವೂದು ಇನ್ನೂ ದೊಡ್ಡ ಗದ್ದಲ, ಹಾಲಿನ್ಯಾಗ ಇರೂದೆಲ್ಲಾ ನೀರು, ಎರಡು ದಿನ ಇಟ್ರೂ ಗಟ್ಟಿ ಆಗದ ಕೇಕು ಹಾಲಿಂದನ ಹಂಗಾದದ್ದು ಅಂತ ನಾನು ಬರದು ಕೊಡ್ತೀನಿ.

ಕರಗಸೂದು ಅಂತ ಒಂದ ಮಾತಿನ್ಯಾಗ ಮುಗಿಸೀರಿ, ಅಸಲಿ ಕೆಲಸ ಇರೂದ ಅಲ್ಲೆ. ದೊಡ್ಡ ಬೋಗೋಣಿಯಾಗ ಎರಡು ಬಟ್ಟಿನಷ್ಟು ನೀರು ಇಟ್ಟು ಕುದಿ ಬಂದ ಕೂಡಲೆ ಗ್ಯಾಸ್ ಬಂದ್ ಮಾಡ್ರಿ, ಅದರ ಮ್ಯಾಲೆ ಇನ್ನೊಂದು ಡಬರಿ ಕೂಡ್ರಸ್ರಿ, ತಳಾ ನೀರಿಗೆ ಮುಟ್ಟಬಾರದು, ಉಗಿ ಅಷ್ಟ ತಾಗಬೇಕು. ಚಾಕೊಲೇಟು ಸಣ್ಣಗ ಹೆಚ್ಚಿ ಬೆಣ್ಣಿ ಕೂಡ ಅದರಾಗ ಹಾಕಿ ಸುಮ್ಮನ ಕುಂದರ್ರಿ, ಕಲಕಾಕ ಗಡಿಬಿಡಿ ಮಾಡಬ್ಯಾಡ್ರಿ. ಅಂಚಿನ್ಯಾಗ ಹೊಳಪು ಬಂದು ತುಂಡಿನ ಮೂಲಿ ದುಂಡಗ ಆಗಾಕತ್ತಿದ ಮ್ಯಾಲೆ ಒಣಗಿದ ಸೌಟಿನಿಂದ ನಿಧಾನಕ ತಿರಗಸ್ರಿ. ಒಣಗಿದ ಅಂತ ಯಾಕ ಒತ್ತಿ ಹೇಳ್ತೀನಿ ಅಂದ್ರ, ತೊಳದ ಸೌಟಿನ ಎರಡು ಹನಿ ನೀರು ಅದರಾಗ ಬಿದ್ರ ಅಷ್ಟು ಚಾಕೊಲೇಟು ಒಮ್ಮಿಗೆ ಗಂಟ ಗಂಟ ಆಗಿ ಹಿಡಕೊಂಡು ಬಿಡ್ತೈತಿ, ಒಳಗಿನ ಸಕ್ಕರಿ ಆ ನೀರನ್ನ ಹೀರಿ ಒಂದಕ್ಕೊಂದು ಅಂಟಕೊಳ್ಳೂದಕ್ಕ ಹಿಂಗ ಆಗ್ತೈತಿ. ಚಂದ ಏನಂದ್ರ ಎರಡು ಹನಿಗೆ ಕೆಡೂ ಚಾಕೊಲೇಟು ಅರ್ಧ ಕಪ್ ಬಿಸಿ ಕ್ರೀಮಿಗೆ ಕೆಡಂಗಿಲ್ಲ, ಯಾಕಂದ್ರ ಅಲ್ಲೆ ಸಕ್ಕರಿ ಪೂರಾ ಕರಗುವಷ್ಟು ನೀರು ಇರ್ತೈತಿ. ಅದಕ್ಕ ಕ್ರೀಮ್ ತಣ್ಣಂದು ಹಾಕಬಾರದು, ಬ್ಯಾರೆ ಪಾತ್ರಿಯಾಗ ಅಂಚಿಗೆ ಸಣ್ಣ ಗುಳ್ಳಿ ಬರೂ ತನಕ ಬಿಸಿ ಮಾಡಿ ಒಮ್ಮಿಗೆ ಎಲ್ಲಾ ಸುರುವಿ ನಡುವಿನಿಂದ ತಿರಗಸ್ಕೋತ ಬರ್ರಿ, ಮೊದಲು ಒಡದಂಗ ಕಾಣ್ತೈತಿ, ಅಂಜಬ್ಯಾಡ್ರಿ, ತಿರಗಿಸಿದಂಗ ತಿರಗಿಸಿದಂಗ ಕನ್ನಡಿಯಂಗ ಹೊಳಿಯಾಕ ಹತ್ತತೈತಿ. ಎಣ್ಣಿ ಮ್ಯಾಲೆ ಬಂದು ಬ್ಯಾರೆ ಆತಂದ್ರ ಒಂದು ಚಮಚಿ ಬೆಚ್ಚನ್ನ ಹಾಲು ಹಾಕಿ ತಿರಗಿಸಿದ್ರ ಕೂಡತೈತಿ.

ಬಿಸ್ಕೀಟು ಕೈಲೆ ಮುರೀಬೇಕು, ಮಿಕ್ಸರ್ ಬ್ಯಾಡ. ಹೆಬ್ಬಟ್ಟಿನ ಉಗುರಿನಷ್ಟು ತುಂಡು ಇರಬೇಕು, ಮುರಿಯೂದ್ರಾಗ ಬೀಳೂ ಪುಡಿ ಬಿದ್ದಷ್ಟು ಸಾಕು. ಪೂರಾ ಪುಡಿ ಮಾಡಿದ್ರ ಆ ಪುಡಿ ಇದ್ದ ಬೆಣ್ಣಿ ಎಲ್ಲಾ ಹೀರಿ ಕೇಕು ಬಿರುಸಾಗ್ತೈತಿ, ಚಾಕು ಇಳೀಲಿಲ್ಲ ಅಂದವರದ್ದು ಇದ ಕಥಿ, ನೀವು ಬೇಕಾದಷ್ಟು ಅಂತ ಬರದ್ರಿ, ಅವರು ಬೇಕಾದಷ್ಟು ಹಾಕಿದ್ರು. ಮಳಿಗಾಲದಾಗ ಬಿಸ್ಕೀಟು ಮೆತ್ತಗಾಗಿದ್ರ ಹಂಚಿನ ಮ್ಯಾಲೆ ಸಣ್ಣ ಉರಿಯಾಗ ಒಂದೀಟು ಬಿಸಿ ಮಾಡಿ ಆರಿಸಿ ಹಾಕ್ರಿ. ಗೋಡಂಬಿನೂ ಹುರದ ಹಾಕಬೇಕು. ಸ್ಟೀಲ್ ಡಬ್ಬಿಯಾಗ ಬಟರ್ ಪೇಪರ್ ಹಾಸಿ, ಅಂಚು ಮ್ಯಾಲೆ ಬರೂವಂಗ ಬಿಟ್ಟು, ಕಲಸಿದ್ದು ಹಾಕಿ ಬಟ್ಟಲದ ಬೆನ್ನಲೆ ಒತ್ತಿ ಕೂಡ್ರಸ್ರಿ, ಗಾಳಿ ಉಳೀಬಾರದು. ರಾತ್ರಿ ಪೂರಾ ಇಡ್ರಿ. ಎರಡು ತಾಸಿಗೆ ಗಟ್ಟಿ ಆಗ್ತೈತಿ ಖರೆ, ಆದ್ರ ಮರುದಿನ ಬಿಸ್ಕೀಟು ಸ್ವಲ್ಪ ಕ್ರೀಮ್ ಕುಡದು ಮಿದುವಾಗಿ, ನಡುವ ಒಂಚೂರು ಕರುಂ ಉಳಕೊಂಡು, ಅದರ ರುಚಿನ ಬ್ಯಾರೆ.

ಮತ್ತ ಮುಚ್ಚಿ ಇಡ್ರಿ ಮಾರಾಯ್ರ. ನಮ್ಮ ಕಡೆ ಫ್ರಿಜ್ಜು ಅಂದ್ರ ಅದರಾಗ ಕೆಂಪ ಚಟ್ನಿ ಇರ್ತೈತಿ, ಹೆಚ್ಚಿದ ಉಳ್ಳಾಗಡ್ಡಿ ಇರ್ತೈತಿ, ಸುಲದ ಬಳ್ಳೊಳ್ಳಿ ಇರ್ತೈತಿ, ಬೆಣ್ಣಿ ಮತ್ತ ಚಾಕೊಲೇಟು ಎರಡೂ ವಾಸನಿ ಹಿಡಿಯೂದ್ರಾಗ ಒಂದಕ್ಕಿಂತ ಒಂದು ಜಾಣ. ಬಳ್ಳೊಳ್ಳಿ ವಾಸನಿ ಹೊಡಿಯೂ ಚಾಕೊಲೇಟ್ ಕೇಕು ತಿಂದವರಿಗೇ ಗೊತ್ತು. ಕತ್ತರಿಸಬೇಕಾದ್ರ ಚಾಕು ಬಿಸಿ ನೀರಾಗ ಅದ್ದಿ, ಒರಸಿ, ಒಂದ ಒತ್ತಿಗೆ ಕೆಳಗಿಳಸ್ರಿ, ಪ್ರತಿ ಸಲ ಒರಸ್ರಿ. ಬಟ್ಟಿನಷ್ಟು ಅಗಲದ ತುಂಡು ಸಾಕು, ಭಾಳ ಭಾರದ ತಿಂಡಿ ಇದು, ಹೋಳಿಗಿಯಂಗ ಒಬ್ಬೊಬ್ಬರಿಗೆ ಎರಡೆರಡು ಬಡಿಸೂದಲ್ಲ. ಕ್ರೀಮ್ ಇರೂದ್ರಿಂದ ನಾಕೈದು ದಿನದಾಗ ಮುಗಿಸಿದ್ರ ಚಲೋ. ಇಂಗ್ಲೆಂಡಿನ ಹಳೇ ರೆಸಿಪಿಯಾಗ ಹಸಿ ತತ್ತಿ ಒಡದು ಹಾಕ್ತಾರ, ಬೇಯಿಸದ ತಿಂಡಿಗೆ ಹಸಿ ತತ್ತಿ ಹಾಕಿ ದಿನಗಟ್ಟಲೆ ಇಡೂದು ಆರೋಗ್ಯಕ್ಕ ಸುಮಾರ, ತತ್ತಿ ತಿನ್ನವ್ರೂ ಅದನ್ನ ಹಾಕಬ್ಯಾಡ್ರಿ, ಅದಿಲ್ಲದ ಗಟ್ಟಿ ಆಗ್ತೈತಿ.

ಒಂದು ಮಾತಿಗೆ ನನಗ ಸಿಟ್ಟು ಬಂತು, ಹೇಳೇ ಬಿಡ್ತೀನಿ. ಓವನ್ ಕೊಳ್ಳಲಾರದ ಮನಿಯವರೂ ನಿರಾಸೆ ಆಗಬೇಕಿಲ್ಲ ಅಂತ ಬರದೀರಿ. ಯಾರು ನಿರಾಸೆ ಆಗ್ಯಾರ್ರಿ? ಧಾರವಾಡ ಪೇಢೆ, ಸೇಂಗಾ ಉಂಡಿ, ಕರದಂಟು, ಲಡಕಿ ಉಂಡಿ, ಯಾವುದು ಓವನ್ ಕಂಡೈತಿ? ಈ ಫ್ರಿಜ್ ಕೇಕಂತೂ ಬಡವರ ಬದಲಿ ಕೇಕು ಅಲ್ಲವ ಅಲ್ಲ, 2011ರಾಗ ಇಂಗ್ಲೆಂಡಿನ ರಾಜಕುಮಾರ ವಿಲಿಯಮ್ ತನ್ನ ಮದಿವ್ಯಾಗ ದೊಡ್ಡ ಕೇಕಿನ ಜೊತಿಗೆ ಕೇಳಿ ಮಾಡಿಸಿದ್ದು ಇಂಥಾದ್ದ ಬಿಸ್ಕೀಟ್ ಹಾಕಿದ ಚಾಕೊಲೇಟ್ ಕೇಕು, ಅವರ ಅಜ್ಜಿ ರಾಣಿಗೂ ಅದ ಭಾಳ ಸೇರತಿತ್ತಂತ. ನಾವು ಚಾದಾಗ ಅದ್ದೂ ಮಾರಿ ಬಿಸ್ಕೀಟೂ ಅರಮನಿ ಮದಿವಿದ, 1874ರಾಗ ರಷ್ಯಾದ ರಾಜಕುಮಾರಿ ಮಾರಿಯಾ ಇಂಗ್ಲೆಂಡಿನ ಸೊಸಿ ಆಗಿ ಬಂದಾಗ ಲಂಡನ್ನಿನ ಬಿಸ್ಕೀಟ್ ಕಂಪನಿ ಆಕಿ ಹೆಸರಿಲೆ ಮಾಡಿದ್ದು. ಜರ್ಮನಿಯಾಗ, ಇಟಲಿಯಾಗ, ಸ್ಕಾಟ್ಲೆಂಡಿನ್ಯಾಗ ಓವನ್ ಇದ್ದ ಮನಿಯವ್ರೂ ಇದನ್ನ ತಮ್ಮ ತಮ್ಮ ನಮೂನಿ ಮಾಡ್ತಾರ, ಇಷ್ಟ ಪಟ್ಟು ಮಾಡ್ತಾರ.

ಹೊಸದೇನರೆ ಮಾಡಬೇಕು ಅಂತ ಕೆಲವ್ರು ಇದರಾಗ ಧಾರವಾಡ ಪೇಢೆ ಪುಡಿ ಮಾಡಿ ಹಾಕಾಕತ್ಯಾರ, ಫ್ಯೂಷನ್ ಅಂತ. ನನಗ ಸೇರಲಿಲ್ಲ, ಸಿಹಿ ಮ್ಯಾಲೆ ಸಿಹಿ, ಪೇಢೆ ರುಚಿನೂ ಹೋತು ಚಾಕೊಲೇಟಿಂದೂ ಹೋತು, ಪೇಢೆ ಪೇಢೆ ಆಗೇ ಇರಲಿ. ಆದ್ರ ನಮ್ಮ ಹಾವೇರಿ ಜಿಲ್ಲಾದ ಬ್ಯಾಡಗಿ ಮೆಣಸಿನಕಾಯಿ ಹುರದು ಪುಡಿ ಮಾಡಿ ಚಿಟಿಕಿ ಹಾಕಿ ನೋಡ್ರಿ, ಅದರಾಗ ಖಾರ ಕಮ್ಮಿ, ಬಣ್ಣ ವಾಸನಿ ಜಾಸ್ತಿ, ಡಾರ್ಕ್ ಚಾಕೊಲೇಟಿಗೆ ಗಂಟಲದಾಗ ಒಂದು ಸಣ್ಣ ಬಿಸಿ ಕೊಡ್ತೈತಿ. ಮೆಣಸಿನಕಾಯಿ ಚಾಕೊಲೇಟು ಮೆಕ್ಸಿಕೋದಾಗ ಭಾಳ ಹಳೇ ಜೋಡಿ, ನಾವೇನು ಹುಚ್ಚಾಟ ಮಾಡಿದಂಗ ಆಗಂಗಿಲ್ಲ.

ಹಿಂಗಾಗಿ ನನ್ನ ವಿನಂತಿ ಏನಂದ್ರ, ಮುಂದಿನ ಭಾನುವಾರ ಆ ರೆಸಿಪಿನ ಮತ್ತೊಮ್ಮಿ ಹಾಕ್ರಿ, ಚಾಕೊಲೇಟು ಯಾವುದು, ಕಾಂಪೌಂಡೋ ಅಸಲಿನೋ ಅಂತ ಬರೀರಿ, ಎಲ್ಲಾನೂ ಗ್ರಾಂ ಲೆಕ್ಕದಾಗ ಬರೀರಿ, ಮತ್ತ ಹೊರಗ ಎಷ್ಟೊತ್ತು ಇಡಬಹುದು ಅನ್ನೂದು ಒಂದು ಸಾಲು. ಜಾಗ ಸಾಲಲಿಲ್ಲಂದ್ರ ಫೋಟೋ ಸಣ್ಣದು ಮಾಡ್ರಿ, ಅದರ ಮ್ಯಾಲಿನ ಪುದೀನಾ ಎಲಿ ಏನು ತಿನ್ನಾಕ ಬರಂಗಿಲ್ಲ. ನನ್ನ ಅಳತಿ ಬೇಕಾದ್ರ ತಗೋರಿ, ಹೆಸರು ಹಾಕೂದೇನು ಬ್ಯಾಡ.

ಇಂತಿ ನಿಮ್ಮ ಓದುಗರೊಬ್ಬರು,
ವಿದ್ಯಾನಗರ, ಹುಬ್ಬಳ್ಳಿ